ಖಾಲಿ ಪೆಟ್ಟಿಗೆಯಲ್ಲಿ ಬಂದ ಬಾಲಲೈಕಾ

ಮೀಟಿಂಗಿನಲ್ಲಿ ಕುಳಿತಾಗ ನನ್ನ ಬಲಗೈಯ ತೋರುಬೆರಳು ಮೇಜಿನ ಅಂಚನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸವರುತ್ತಿರುತ್ತದೆ. ಇದು ನನಗೇ ಗೊತ್ತಿರಲಿಲ್ಲ. ಅಬುಧಾಬಿಯಲ್ಲಿ ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ನನ್ನ ಕೆಲಸ. ಅಲ್ಲಿಯ ಮ್ಯಾನೇಜರು ಈಜಿಪ್ಟಿನ ಹೆಂಗಸು, ಬಹಳ ಸೂಕ್ಷ್ಮದವರು. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, ತುರಿಕೆಯೇನಾದರೂ ಇದ್ದರೆ ನಮ್ಮ ಇನ್ಶೂರೆನ್ಸಿನಲ್ಲಿ ಚರ್ಮದ ಡಾಕ್ಟರೂ ಸೇರಿದ್ದಾರೆ ಎಂದು ಮೆಲ್ಲಗೆ ತಿಳಿಸಿದರು.

ತುರಿಕೆಯಲ್ಲ, ಬಾಲಲೈಕಾ ಎಂದು ಹೇಳಿದ್ದರೆ ಇನ್ನೂ ದೊಡ್ಡ ಡಾಕ್ಟರ ಬಳಿಗೆ ಕಳಿಸುತ್ತಿದ್ದರೇನೋ. ಥ್ಯಾಂಕ್ಸ್ ಹೇಳಿ ಬಂದೆ. ನನ್ನ ವಿಷಯ ನಾನು ಹೊರಗೆ ಹೇಳಿಕೊಳ್ಳುವುದು ಕಡಿಮೆ. ನಿಮಗೆ ಹೇಳುತ್ತೇನೆ. ಸೋತ ಕತೆಯಾಗಿದ್ದರೆ ಸುಲಭವಾಗಿ ಮುಚ್ಚಿಡಬಹುದಿತ್ತು. ಗೆದ್ದ ಕತೆಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನಂಥವಳಿಗೂ ಕಷ್ಟ.

ಬಾಲಲೈಕಾ ರಷ್ಯಾದ ಹಳ್ಳಿಗಾಡಿನ ತಂತಿವಾದ್ಯ. ದೊಡ್ಡದೊಂದು ಸಮೋಸಕ್ಕೆ ಯಾರೋ ಉದ್ದನೆಯ ಹಿಡಿಕೆ ಸಿಕ್ಕಿಸಿ ಮೂರು ತಂತಿ ಬಿಗಿದಂತೆ ಕಾಣುತ್ತದೆ. ಬಾರಿಸಲು ಬೇರೆ ಉಪಕರಣ ಬೇಡ, ತೋರುಬೆರಳೇ ಸಾಕು. ಆ ಬೆರಳು ತಂತಿಗಳ ಮೇಲೆ ಕೆಳಗೆ ಮೇಲೆ ಓಡಾಡಬೇಕು, ಮಳೆಹನಿ ಶೀಟಿನ ಮೇಲೆ ಬೀಳುವಷ್ಟು ವೇಗವಾಗಿ.

ಸಂಗೀತಕ್ಕೂ ನನಗೂ ಮೊದಲಿನಿಂದ ಅಂಥ ಸಲಿಗೆಯೇನೂ ಇರಲಿಲ್ಲ. ಉಡುಪಿಯಲ್ಲಿ ಶಾಲೆಗೆ ಹೋಗುವಾಗ ಸ್ವಾತಂತ್ರ್ಯೋತ್ಸವದ ಸಮೂಹಗೀತೆಗೆ ನನ್ನನ್ನು ಎತ್ತರದ ಕಾರಣಕ್ಕೆ ಆರಿಸಿ ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದರು. ಹಾಡಿನ ಟೀಚರು ಹತ್ತಿರ ಬಂದು, "ನೀನು ಬಾಯಿ ಮಾತ್ರ ಆಡಿಸು ಆಯ್ತಾ, ಚಂದ ಕಾಣ್ತದೆ" ಎಂದಿದ್ದರು. ನಾನು ಅಚ್ಚುಕಟ್ಟಾಗಿ ಬಾಯಿ ಆಡಿಸಿದೆ. ಒಂದು ಶಬ್ದವೂ ತಪ್ಪಲಿಲ್ಲ, ಒಂದು ಶಬ್ದವೂ ಹೊರಡಲಿಲ್ಲ. ಮುಂದೆ ಬಹಳ ವರ್ಷ ನನ್ನ ಬದುಕು ಸರಿಸುಮಾರು ಹಾಗೆಯೇ ನಡೆಯಿತೆನ್ನಬಹುದು.

ಎಂ.ಎಸ್ಸಿ. ರಸಾಯನಶಾಸ್ತ್ರ ಓದಲು ಸ್ಕಾಲರ್‌ಶಿಪ್ ಸಿಕ್ಕಿದ್ದು ರಷ್ಯಾದಲ್ಲಿ, ವೋಲ್ಗಾ ನದಿಯ ದಂಡೆಯ ಒಂದು ಊರಿನಲ್ಲಿ. ಹಾಸ್ಟೆಲಿನ ಮೇಲ್ವಿಚಾರಕಿ ರಾಯಿಸಾ ಪೆತ್ರೋವ್ನಾ. ಗಟ್ಟಿ ಆಳು, ಗಟ್ಟಿ ಗಂಟಲು. ಅವರ ಸೊಂಟದಲ್ಲಿ ತೂಗುವ ಬೀಗದಕೈಗೊಂಚಲಿನ ಸದ್ದು ಕೇಳಿದರೆ ಮೂರನೇ ಮಹಡಿಯ ಹೀಟರುಗಳೂ ಆರಿಹೋಗುತ್ತಿದ್ದವು. ಒಂದು ಭಾನುವಾರ ಎಲ್ಲರೂ ಊರು ಸುತ್ತಲು ಹೋಗಿದ್ದಾಗ ನಾನೊಬ್ಬಳೇ ಪಡಸಾಲೆಯಲ್ಲಿ ಕುಳಿತದ್ದನ್ನು ನೋಡಿ, ಕ್ಲಬ್ ರೂಮಿನಿಂದ ಒಂದು ಬಾಲಲೈಕಾ ತಂದು ಮಡಿಲಲ್ಲಿಟ್ಟರು. "ಮಾತಾಡಲು ಬಾರದಿದ್ದರೆ ಇದನ್ನಾದರೂ ಆಡಿಸು" ಎಂದರು. ಅದು ಹಾಸ್ಟೆಲಿನ ಆಸ್ತಿ. ಕುರ್ಚಿ ಮಂಚಗಳಿಗೆ ಬರೆದಂತೆ ಅದರ ಬೆನ್ನಿಗೂ ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದರು.

ನಾನು ಕಲಿತೆ. ಚೆನ್ನಾಗಿಯೇ ಕಲಿತೆ. ಆದರೆ ನಾನು ಬಾರಿಸಿ ಮುಗಿಸಿದಾಗಲೆಲ್ಲ ರಾಯಿಸಾ ಪೆತ್ರೋವ್ನಾ ತಲೆಯಾಡಿಸಿ "ಸರಿ ಇದೆ" ಎನ್ನುತ್ತಿದ್ದರು, ಅಷ್ಟೇ. ಪಕ್ಕದ ಕೋಣೆಯ ವಿಯೆಟ್ನಾಮಿನ ಹುಡುಗಿ ಬಾರಿಸಿದರೆ ಅರ್ಧ ತಪ್ಪು, ಇನ್ನರ್ಧ ನಗು. ಅವಳಿಗೆ ಮಾತ್ರ "ಇನ್ನೊಮ್ಮೆ, ಇನ್ನೊಮ್ಮೆ!" ಎಂದು ಕಾಲು ಕುಟ್ಟುತ್ತಿದ್ದರು. ಓದು ಮುಗಿಸಿ ಹೊರಡುವಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ, ನನಗೇಕೆ ಒಂದು ಸಲವೂ ಇನ್ನೊಮ್ಮೆ ಅನ್ನಲಿಲ್ಲ ಎಂದು. ಅವರು ಸುಳ್ಳು ಹೇಳುವವರಲ್ಲ.

"ಮಗೂ, ಅವಳು ಬಾರಿಸಿದರೆ ನನಗೆ ಕುಣಿಯಬೇಕು ಅನಿಸುತ್ತದೆ. ನೀನು ಬಾರಿಸಿದರೆ ಎದ್ದು ನಿಂತು ಹಾಜರಿ ಹೇಳಬೇಕು ಅನಿಸುತ್ತದೆ."

ಆ ಮಾತನ್ನು ಅಬುಧಾಬಿಗೆ ಹೊತ್ತುಕೊಂಡು ಬಂದೆ. ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ ಚಿಕ್ಕಮ್ಮ ಚಿಕ್ಕಪ್ಪನ ಫ್ಲ್ಯಾಟು, ಅದರಲ್ಲಿ ನನಗೊಂದು ಕೋಣೆ. ಕೆಲಸ, ನೀರಿನ ಬಾಟಲಿಗಳು, ವೀಸಾ, ಎಮಿರೇಟ್ಸ್ ಐಡಿ, ಹೀಗೆ ದಿನಗಳು ಹೋದವು. ಹೋದ ವರ್ಷ ಬೇಸಿಗೆ ಕಳೆಯುತ್ತಿದ್ದಾಗ ಒಂದು ಫೋನು ಬಂತು. ಅದೇ ಗಟ್ಟಿ ಗಂಟಲು. ರಾಯಿಸಾ ಪೆತ್ರೋವ್ನಾ ಇಲ್ಲೇ, ಅಬುಧಾಬಿಯ ಹೊರಗಿನ ಖಲೀಫಾ ಸಿಟಿಯಲ್ಲಿದ್ದರು! ಮಗಳು ಅಲ್ಲಿಯ ಶಾಲೆಯೊಂದರಲ್ಲಿ ಈಜು ಕಲಿಸುತ್ತಾಳೆ. ಮೊಮ್ಮಕ್ಕಳನ್ನು ನೋಡಲು ಬಂದಿದ್ದರು.

ನೋಡಲು ಹೋದೆ. ಗಂಟಲು ಹಾಗೆಯೇ ಇತ್ತು, ಕೈ ಹಾಗಿರಲಿಲ್ಲ. ಬೆರಳುಗಳು ಸಂಧಿವಾತದಿಂದ ಒಳಕ್ಕೆ ಮಡಚಿಕೊಂಡಿದ್ದವು. ಚಹಾದ ಕಪ್ಪನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿಯುತ್ತಿದ್ದರು. "ನಾನಿನ್ನು ಬಾರಿಸುವಂತಿಲ್ಲ. ನೀನು?" ಎಂದು ಕೇಳಿದರು.

"ನನ್ನ ಬಳಿ ವಾದ್ಯವಿಲ್ಲ."

"ಈ ದೇಶದಲ್ಲಿ ಮರಳುಗಾಡಿನ ನಡುವೆ ಹಿಮ ಮಾಡಿ ಮಾರುತ್ತಾರೆ. ಒಂದು ಬಾಲಲೈಕಾ ಸಿಗುವುದಿಲ್ಲವೇ? ಹುಡುಕು. ಹೊರಡುವ ಮೊದಲು ಒಮ್ಮೆ ಕೇಳುತ್ತೇನೆ. ಮತ್ತೆ ಇಷ್ಟು ದೂರ ಬರುವ ಕಾಲು ನನಗಿಲ್ಲ."

ಅವರ ಟಿಕೆಟ್ ವಿಜಯದಶಮಿಯ ಸಂಜೆಗೆ ಇತ್ತು. ಅವರಿಗೆ ಅದು ವಿಜಯದಶಮಿಯೆಂದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಬಸ್ಸಿನಲ್ಲಿ ವಾಪಸು ಬರುತ್ತ ನಿರ್ಧರಿಸಿದೆ: ಬಾಲಲೈಕಾ ಹುಡುಕಬೇಕು, ಹಗಲೂ ಸಂಜೆಯೂ ಅಭ್ಯಾಸ ಮಾಡಬೇಕು, ಈ ಸಲ ಆ "ಸರಿ ಇದೆ" ಎನ್ನಿಸಿಕೊಳ್ಳಬಾರದು. ಇದು ಕಡೆಯ ಅವಕಾಶ.

ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಸಿಗದ ವಸ್ತುವಿಲ್ಲ ಎಂಬುದು ಚಿಕ್ಕಪ್ಪನ ನಂಬಿಕೆ. ಅಲ್ಲಿ ಗಿಟಾರು ಮಾರುವ ಅಂಗಡಿಯ ಮಲಯಾಳಿ ಸೇಲ್ಸ್‌ಮ್ಯಾನಿಗೆ ನಾನು ಕಾಗದದ ಮೇಲೆ ಚಿತ್ರ ಬರೆದು, ಅಳತೆಯನ್ನೂ ಹಾಕಿ ತೋರಿಸಿದೆ. ಅವನು ಮೊದಲು ಗಿಟಾರಿನ ಮರಿಯಂಥ ಉಕುಲೇಲೆ ತಂದ. ಆಮೇಲೆ ಅರಬರ ದುಂಡು ಹೊಟ್ಟೆಯ ಊದ್ ತಂದ. ನಾನು ಎರಡಕ್ಕೂ ಅಲ್ಲವೆಂದು ತಲೆಯಾಡಿಸಿ, ಹೊಟ್ಟೆ ಮೂರು ಮೂಲೆಯದು ಎಂದು ಒತ್ತಿ ಹೇಳಿದೆ. ಅವನ ಮುಖ ಅರಳಿತು. ಒಳಗೆ ಹೋಗಿ, ಶಾಲೆಯ ಬ್ಯಾಂಡಿನಲ್ಲಿ ಟಿಣ್ ಎಂದು ಹೊಡೆಯುವ ಉಕ್ಕಿನ ತ್ರಿಕೋನವೊಂದನ್ನು ದಾರದಲ್ಲಿ ತೂಗಿಸಿಕೊಂಡು ಬಂದ.

"ಮೇಡಂ, ಮೂರು ಮೂಲೆ ಪರ್ಫೆಕ್ಟ್! ತುಕ್ಕು ಹಿಡಿಯಲ್ಲ, ಲೈಫ್ ಲಾಂಗ್ ಗ್ಯಾರಂಟಿ."

ಅವನ ಸಂತೋಷ ಕೆಡಿಸಲು ಮನಸ್ಸು ಬರಲಿಲ್ಲ. ಒಮ್ಮೆ ಟಿಣ್ ಎನ್ನಿಸಿ ಬಂದೆ.

ಆನ್‌ಲೈನಿನಲ್ಲಿ ಕೊಳ್ಳಬಾರದಿತ್ತೇ ಎಂದು ನೀವು ಕೇಳುತ್ತೀರಿ. ರಷ್ಯಾದ ಅಂಗಡಿಗಳಿಗೆ ನನ್ನ ಕಾರ್ಡು ಒಗ್ಗಲಿಲ್ಲ. ಬೇರೊಂದು ಕಡೆ ಸಿಕ್ಕಿತೆಂದು ಹಿಗ್ಗಿ ತರಿಸಿದರೆ, ಡಬ್ಬದೊಳಗಿದ್ದದ್ದು ಬಾಲಲೈಕಾ ಆಕಾರದ ಗೋಡೆ ಗಡಿಯಾರ. ವಿವರಗಳನ್ನು ಓದದೆ ಏನನ್ನೂ ಕೊಳ್ಳದ ನಾನು ಆಸೆಗೆ ಬಿದ್ದು ಚಿತ್ರ ನೋಡಿ ಕೊಂಡಿದ್ದೆ. ಚಿಕ್ಕಮ್ಮ ಅದನ್ನು ಅಡುಗೆಮನೆಯ ಗೋಡೆಗೆ ತೂಗುಹಾಕಿದರು. "ಟೈಮ್ ಸರಿ ತೋರಿಸ್ತದಲ್ಲ, ಮತ್ತೆಂತ ಬೇಕು ನಿಂಗೆ?" ನಾವು ಮನೆಯಲ್ಲಿ ಆಡುವುದು ತುಳು, ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ತುಳುವಿನಲ್ಲಿ ಇದು ಇನ್ನೂ ಚುಚ್ಚುತ್ತದೆ.

ಉಳಿದದ್ದು ದುಬೈ. ದೇರಾದ ಅಲ್ ಮುರಕ್ಕಬಾತ್‌ನಲ್ಲಿ ಕಪ್ಪು ಬ್ರೆಡ್ಡು, ಉಪ್ಪುನೀರಿನಲ್ಲಿ ನೆನೆಸಿದ ಸೌತೆಕಾಯಿಯ ಬಾಟಲಿ ಮಾರುವ ಒಂದು ರಷ್ಯನ್ ದಿನಸಿ ಅಂಗಡಿಯಿದೆ. ಅಲ್ಲಿ ಫ್ರಿಜ್ಜಿಗೆ ಅಂಟಿಸುವ ಬಾಲಲೈಕಾ ಇತ್ತು, ಬೆರಳುದ್ದದ್ದು. ನನ್ನ ಮುಖ ನೋಡಿದ ಕೌಂಟರಿನ ಹೆಂಗಸು, ಮೂಲೆಯಲ್ಲಿರುವ ತುಪ್ಪಳದ ಕೋಟಿನ ಅಂಗಡಿಯಲ್ಲಿ ಕೇಳು, ಆ ಮುದುಕನಿಗೆ ರಷ್ಯಾದವರೆಲ್ಲ ಗೊತ್ತು ಎಂದಳು.

ಬೆವರು ಒರೆಸಿಕೊಳ್ಳುತ್ತ ತುಪ್ಪಳದ ಕೋಟಿನ ಅಂಗಡಿಗೆ ಹೋದೆ. ಹೊರಗೆ ಡಾಂಬರು ಮೆತ್ತಗಾಗುವ ಬಿಸಿಲು. ಒಳಗೆ ನರಿ, ಮೊಲ, ಮಿಂಕುಗಳ ಸಾಲು ಸಾಲು ಕೋಟುಗಳು. ನಡುವೆ ಬಿಳಿ ಗಡ್ಡದ ಹಿರಿಯರೊಬ್ಬರು ಕುಳಿತಿದ್ದರು. ಕಂಡ ಕೂಡಲೇ ರಷ್ಯನ್ ಭಾಷೆಯಲ್ಲಿ ಬನ್ನಿ, ಕುಳಿತುಕೊಳ್ಳಿ ಎಂದರು. ನಾನೂ ರಷ್ಯನ್ನಿನಲ್ಲೇ ಉತ್ತರಿಸಿದೆ. ವಾದ್ಯದ ಕತೆ ಹೇಳಿದೆ. ಅವರು ಅದೇ ಭಾಷೆಯಲ್ಲಿ ಚಹಾ ತರಿಸಿದರು. ಅವರ ವ್ಯಾಕರಣ ಸಂತೆಯದು, ಆದರೆ ಒಂದು ಕಡೆಯೂ ತಡವರಿಸುತ್ತಿರಲಿಲ್ಲ. ಅಷ್ಟರಲ್ಲಿ ಚಿಕ್ಕಮ್ಮನ ಫೋನು. ಮನೆಯಲ್ಲಿ ನೆಂಟರಿದ್ದರೆ ಮಾತ್ರ ಚಿಕ್ಕಮ್ಮ ಕನ್ನಡ ಆಡುವುದು. ನಾನೂ "ದೇರಾದಲ್ಲಿದ್ದೇನೆ ಚಿಕ್ಕಮ್ಮ, ಊಟಕ್ಕೆ ಬರ್ತೇನೆ" ಎಂದು ಕನ್ನಡದಲ್ಲೇ ಹೇಳಿ ಫೋನಿಟ್ಟೆ.

ಹಿರಿಯರು ಚಹಾದ ಲೋಟ ಕೆಳಗಿಟ್ಟರು.

"ಅಯ್ಯೋ! ಕನ್ನಡದವ್ರಾ? ಮತ್ತೆ ಇಷ್ಟೊತ್ತು ನನ್ನ ಹತ್ರ ರಷ್ಯನ್ ಎಂತಕ್ಕೆ ಹೊಡೆದ್ರಿ?"

"ನೀವೇ ಶುರು ಮಾಡಿದ್ದು."

"ನಾ ಭಟ್ಕಳದವ, ಇಸ್ಮಾಯಿಲ್. ಈ ಅಂಗಡಿಗೆ ಬರೂದೆಲ್ಲ ರಷ್ಯಾದವ್ರೇ. ನಿಮ್ಮ ಉಡುಪಿ ಕುಂದಾಪುರದವ್ರು ಮಿಂಕ್ ಕೋಟ್ ಕೇಳ್ಕೊಂಡು ಬರೂದಿಲ್ಲ ಅಲ್ವಾ ಮಾರಾಯ್ರೆ?"

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ನಾನು ಹುಡುಕಿದ ಜಾಗಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ಇಸ್ಮಾಯಿಲ್ ಸಾಹೇಬರು ಕಣ್ಣರಳಿಸಿ ಕೇಳಿದರು, ಮುಗಿದ ಮೇಲೆ ಗಡ್ಡ ಸವರಿದರು.

"ಓದಿದವ್ರು ಅಂಗಡಿ ಹುಡುಕ್ತಾರೆ. ನಾವು ಬರುವವ್ರನ್ನು ಹುಡುಕೂದು. ಕಜಾನಿನಿಂದ ಲೂದ್ಮಿಲಾ ಅಂತ ಬರ್ತಾಳೆ, ನನ್ನ ಹಳೇ ಗಿರಾಕಿ. ಹೋಗುವಾಗ ಅವಳ ಪೆಟ್ಟಿಗೆ ತುಂಬ ಕೋಟು. ಬರುವಾಗ ಪೆಟ್ಟಿಗೆಯಲ್ಲಿ ಎಂತ ಇರ್ತದೆ? ಗಾಳಿ! ಆ ಗಾಳಿ ಜಾಗದಲ್ಲಿ ನಿಮ್ಮ ಬಾಲಲೈಕಾ ಕೂತ್ಕೊಂಡು ಬರ್ತದೆ. ಖಲಾಸ್."

ನನಗೆ ನಾಚಿಕೆಯಾಯಿತು. ಗಲ್ಫಿನಲ್ಲಿ ನಾವೆಲ್ಲ ಬದುಕಿರುವುದೇ ಈ ವಿದ್ಯೆಯಿಂದ. ಇಲ್ಲಿ ಯಾರ ಪೆಟ್ಟಿಗೆಯೂ ಅವರ ಸ್ವಂತದ್ದಲ್ಲ. ಊರಿಗೆ ಹೊರಟವನನ್ನು ಮೊದಲು ಕೇಳುವುದು ಅಮ್ಮ ಹೇಗಿದ್ದಾರೆ ಎಂದಲ್ಲ, ಎಷ್ಟು ಕಿಲೋ ಬಾಕಿ ಇದೆ ಎಂದು. ಊರಿಂದ ಬರುವವನ ಅಂಗಿಗಳ ನಡುವೆ ಯಾರದೋ ಹಪ್ಪಳ, ಯಾರದೋ ಬಿ.ಪಿ. ಮಾತ್ರೆ, ಒದ್ದೆ ಬಾಳೆಲೆಯಲ್ಲಿ ಸುತ್ತಿದ ಶಂಕರಪುರದ ಮಲ್ಲಿಗೆ. ಇಷ್ಟೆಲ್ಲ ಗೊತ್ತಿದ್ದೂ ಈ ನಿಯಮ ರಷ್ಯಾಕ್ಕೂ ಅನ್ವಯಿಸುತ್ತದೆಂದು ನನಗೆ ಹೊಳೆದಿರಲಿಲ್ಲ.

ಸಾಹೇಬರು ಆಗಲೇ ಫೋನನ್ನು ಬಾಯಿಯ ಹತ್ತಿರ ಹಿಡಿದು ಕಜಾನಿಗೆ ವಾಯ್ಸ್ ಮೆಸೇಜು ಕಳಿಸುತ್ತಿದ್ದರು: "ಲೂದಾ, ಗೋಡೆಗೆ ತೂಗಿಸುವುದಲ್ಲ, ಬಾರಿಸುವುದು! ತಿಳಿಯಿತೇ, ಬಾರಿಸುವುದು!" ಮತ್ತೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನಿಮ್ಮ ಚಿಕ್ಕಮ್ಮ ಮಾವಿನ ಮಿಡಿ ಹಾಕ್ತಾರಾ? ಒಂದು ಬಾಟ್ಲಿ ನನ್ನ ಮನೆಗೆ" ಎಂದರು.

ಲೂದ್ಮಿಲಾ ಹೇಳಿದ ವಾರಕ್ಕೆ ಬರಲಿಲ್ಲ. ನವರಾತ್ರಿ ಶುರುವಾಯಿತು, ಆಗಲೂ ಸುದ್ದಿಯಿಲ್ಲ. ರಾಯಿಸಾ ಪೆತ್ರೋವ್ನಾ ದಿನ ಬಿಟ್ಟು ದಿನ ಫೋನು ಮಾಡಿ, "ಏನಾಯಿತು?" ಎಂದಷ್ಟೇ ಕೇಳಿ ಇಟ್ಟುಬಿಡುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ ಸಾಹೇಬರ ಮೆಸೇಜು ಬಂತು: ಮಾಲು ಬಂದಿದೆ, ಅಬುಧಾಬಿಗೆ ಬರುವ ನಮ್ಮ ವ್ಯಾನಿನಲ್ಲಿ ಕಳಿಸಿದ್ದೇನೆ, ಮನೆಯಲ್ಲಿ ಕೊಡುತ್ತಾರೆ. ಆ ದಿನ ಯಾವ ನೀರಿನಲ್ಲಿ ಏನಿತ್ತೋ, ನನ್ನ ಮನಸ್ಸೆಲ್ಲ ಗಡಿಯಾರದಲ್ಲಿತ್ತು.

ಮನೆಗೆ ಬಂದು ಬಾಗಿಲು ತೆರೆದಾಗ ಅದು ಕಂಡಿತು. ನಿಜವಾದ ಬಾಲಲೈಕಾ. ಜೇನಿನ ಬಣ್ಣದ ಹೊಟ್ಟೆ, ಕಪ್ಪು ಕತ್ತು, ಮೂರೂ ತಂತಿ. ಹಾಲಿನ ಮೂಲೆಯಲ್ಲಿ ಮಣೆಯ ಮೇಲೆ ಶಾರದೆಯ ಪಟ, ಅದರ ಮುಂದೆ ಚಿಕ್ಕಪ್ಪನ ಆಡಿಟ್ ಪುಸ್ತಕಗಳು, ನನ್ನ ರಸಾಯನಶಾಸ್ತ್ರ, ಭಗವದ್ಗೀತೆ. ಇವೆಲ್ಲಕ್ಕೆ ಒರಗಿ, ಹಣೆಗೆ ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಕತ್ತಿಗೆ ಒಂದು ಮೊಳ ಮಲ್ಲಿಗೆ ಸುತ್ತಿಸಿಕೊಂಡು, ಮದುವಣಗಿತ್ತಿಯಂತೆ ಅದು ನಿಂತಿತ್ತು. ಅಂದು ಪುಸ್ತಕ ಪೂಜೆಗಿಡುವ ದಿನ.

ಕೈ ಚಾಚಿದೆ.

"ಮುಟ್ಬೇಡ!" ಅಡುಗೆಮನೆಯಿಂದ ಚಿಕ್ಕಮ್ಮ ಓಡಿ ಬಂದರು. "ಇಟ್ಟಾಗಿದೆ. ಇನ್ನು ದಶಮಿಗೇ ತೆಗೀಲಿಕ್ಕೆ."

"ಚಿಕ್ಕಮ್ಮ, ದಶಮಿಯ ಸಂಜೆ ಅವರು ಹೋಗ್ತಾರೆ. ನಾನು ಪ್ರಾಕ್ಟೀಸ್ ಮಾಡ್ಬೇಕು."

"ದಶಮಿ ಬೆಳಿಗ್ಗೆ ಉಂಟಲ್ಲ? ಆ ದಿನ ಬಾರಿಸಿದ್ದು ಒಳ್ಳೇದಾಗ್ತದೆ. ಅವ್ರನ್ನು ಊಟಕ್ಕೇ ಕರಿ."

"ಪ್ರಾಕ್ಟೀಸ್ ಇಲ್ದೆ ಹೇಗೆ ಬಾರಿಸುದು?"

"ಮದುವೆಗೆ ಯಾರಾದ್ರೂ ಪ್ರಾಕ್ಟೀಸ್ ಮಾಡ್ತಾರಾ?"

ಸೋಫಾದಲ್ಲಿ ಕಾಲು ಚಾಚಿದ್ದ ಚಿಕ್ಕಪ್ಪ, "ನನ್ನ ಆಫೀಸ್ ಲ್ಯಾಪ್‌ಟಾಪನ್ನೂ ಇಡು ಅಂತ ಬೇಡಿದೆ. ಅದಕ್ಕೆ ಮಾತ್ರ ಜಾಗ ಇಲ್ವಂತೆ" ಎಂದರು.

ನೀವು ನಗಬಹುದು. ವಿಜ್ಞಾನ ಓದಿದವಳು ಎತ್ತಿಕೊಳ್ಳಬಾರದಿತ್ತೇ? ಆದರೆ ಪೂಜೆಗಿಟ್ಟದ್ದನ್ನು ಮುಟ್ಟದಿರುವ ವಿದ್ಯೆ ನನಗೆ ಅ ಆ ಇ ಈ ಕಲಿಯುವುದಕ್ಕಿಂತ ಮೊದಲು ಬಂದದ್ದು. ಚಿಕ್ಕವಳಿದ್ದಾಗ ಮೊದಲು ಗಣಿತದ ಪುಸ್ತಕ ಇಡುತ್ತಿದ್ದೆ, ಆಮೇಲೆ ಕಾಪಿ ಪುಸ್ತಕ, ಆಮೇಲೆ ಕಂಪಾಸು. ದಶಮಿಯವರೆಗೆ ಓದು ಎನ್ನುವವರಿಲ್ಲ. ಸರಸ್ವತಿಯ ಹೆಸರಿನಲ್ಲಿ ಅವಿದ್ಯೆಯ ಹಬ್ಬ. ಆ ದೇವಿ ಈಗ ಬಡ್ಡಿ ಸಮೇತ ವಸೂಲಿಗೆ ಬಂದಿದ್ದಳು. ಶ್ರುತಿಯನ್ನಾದರೂ ಮಾಡಿಕೊಳ್ಳುತ್ತೇನೆಂದೆ, ಆಗುವುದಿಲ್ಲವೆಂದರು. ಚಪಾತಿ ಮಣೆಗೆ ಮೂರು ರಬ್ಬರ್‌ಬ್ಯಾಂಡು ಹಾಕಿ ಕೋಣೆಯಲ್ಲಿ ಬೆರಳು ಆಡಿಸಿದೆ. ರಾತ್ರಿಯ ಚಪಾತಿಗೆ ಮಣೆ ಕಾಣದೆ ಅದೂ ಜಪ್ತಿಯಾಯಿತು.

ದಶಮಿಯ ದಿನ ಹಬ್ಬವೆಂದೇ ಬರೆದು ರಜೆ ಹಾಕಿದೆ. ಮಗಳು ಕಾರಿನಲ್ಲಿ ಬಿಟ್ಟುಹೋದ ರಾಯಿಸಾ ಪೆತ್ರೋವ್ನಾ, ಪ್ರಯಾಣದ ಬಟ್ಟೆಯಲ್ಲೇ ಬಂದು ಸೋಫಾದ ತುದಿಯಲ್ಲಿ ಕುಳಿತರು. ಚಿಕ್ಕಮ್ಮ ಅವರ ಹಣೆಗೂ ಕುಂಕುಮ ಇಟ್ಟರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಚಿಕ್ಕಮ್ಮ ತುಳುವಿನಲ್ಲಿ ಊಟಕ್ಕೆ ಒತ್ತಾಯಿಸಿದರೆ, ಅವರು ರಷ್ಯನ್ನಿನಲ್ಲಿ ಸಾಕೆನ್ನುತ್ತಲೇ ಮೂರು ಸಲ ಪಾಯಸ ಹಾಕಿಸಿಕೊಂಡರು. ಊಟ ಮುಗಿದರೂ ಮಂಗಳಾರತಿಗೆ ಚಿಕ್ಕಮ್ಮ ಚಿಕ್ಕಪ್ಪನ ದಾರಿ ಕಾಯುತ್ತಿದ್ದರು. ಅವರು ಆಫೀಸಿನಿಂದ ಬಂದು, ಕರ್ಪೂರ ಬೆಳಗಿ, ಮಣೆಯನ್ನು ಕದಲಿಸುವ ಹೊತ್ತಿಗೆ ಬಿಸಿಲು ಎದುರಿನ ಕಟ್ಟಡದ ತುದಿಗೇರಿತ್ತು.

"ಯಲ್ಲಾ, ಇನ್ನು ತಕ್ಕೊ" ಎಂದು ಚಿಕ್ಕಮ್ಮ ಅರಬರಂತೆ ಅವಸರಪಡಿಸಿದರು.

ಬಾಲಲೈಕಾ ಮಡಿಲಿಗೆ ಬಂತು. ಮುಖದ ಕುಂಕುಮ ನನ್ನ ಬೆರಳಿಗೆ ಹತ್ತಿತು. ಒಣಗಿದ ಮಲ್ಲಿಗೆಯೊಂದು ಹೊಟ್ಟೆಯೊಳಕ್ಕೆ ಬಿದ್ದು, ಅಲುಗಾಡಿಸಿದರೂ ಹೊರಗೆ ಬರಲಿಲ್ಲ. ಅವಸರದಲ್ಲಿ ಶ್ರುತಿ ಮಾಡಿಕೊಂಡೆ, ಅದೂ ಪೂರ್ತಿ ಕೂಡಲಿಲ್ಲ. ನಿಧಾನವಾಗಿ ಶುರುವಾಗಿ ಸುತ್ತು ಸುತ್ತಿಗೂ ವೇಗ ಏರುವ ಕುಣಿತದ ಧಾಟಿ ಅದು, ಹಾಸ್ಟೆಲಿನಲ್ಲಿ ಅವರೇ ಕಲಿಸಿದ್ದು. ಮೊದಲ ಸುತ್ತು ದಾಟಿದೆ. ಎರಡನೆಯದರಲ್ಲಿ ಬೆರಳು ಜಾರಿ ತಪ್ಪು ಸ್ವರದ ಮನೆಗೆ ಬಿತ್ತು. ತಪ್ಪಿದರೆ ನಿಲ್ಲಿಸಿ ಮೊದಲಿನಿಂದ ಬಾರಿಸುವುದು ನನ್ನ ಪದ್ಧತಿ. ಕೈ ಎತ್ತಿದೆ.

"ಉಂತಾವಡ!" ಎಂದು ಚಿಕ್ಕಮ್ಮ ಕೂಗಿದರು. ನಿಲ್ಲಿಸಬೇಡ ಎಂದು, ದಶಮಿಯ ದಿನ ಹಿಡಿದ ಕೆಲಸವನ್ನು ನಡುವೆ ಬಿಡುವಂತಿಲ್ಲ.

"ದಾಲ್ಶೆ!" ಎಂದು ಅದೇ ಗಳಿಗೆಯಲ್ಲಿ ರಾಯಿಸಾ ಪೆತ್ರೋವ್ನಾ ಕೂಗಿದರು. ಮುಂದೆ ಹೋಗು ಎಂದು.

ಎರಡು ಕಡೆಯಿಂದ ಗದರಿಸಿಕೊಂಡವಳಿಗೆ ಬೇರೆ ದಾರಿಯಿರಲಿಲ್ಲ. ಮುಂದೆ ಹೋದೆ. ಮತ್ತೆ ತಪ್ಪಿತು, ನಿಲ್ಲಲಿಲ್ಲ. ಬೆರಳು ಉರಿಯತೊಡಗಿತು, ಎಲ್ಲಿದ್ದೇನೆಂಬ ಲೆಕ್ಕ ಕೈಬಿಟ್ಟಿತು, ಧಾಟಿಯೇ ನನ್ನನ್ನು ಎಳೆದುಕೊಂಡು ಓಡತೊಡಗಿತು. ಒಮ್ಮೆ ನಗು ಬಂತು, ಅದನ್ನು ತಡೆಯಲು ಕೈಗೆ ಬಿಡುವಿರಲಿಲ್ಲ. ಕೊನೆಯ ಸುತ್ತಿನಲ್ಲಿ ಬೇರೇನೋ ಸದ್ದು ಸೇರಿಕೊಂಡಿತು. ತಲೆ ಎತ್ತಿದರೆ, ರಾಯಿಸಾ ಪೆತ್ರೋವ್ನಾ ಸಾಕ್ಸಿನ ಕಾಲಿನಲ್ಲಿ ಎದ್ದು ನಿಂತು, ಮಡಚಿದ ಬೆರಳುಗಳ ಕೈಗಳನ್ನು ಸೊಂಟಕ್ಕೊತ್ತಿ, ನೆಲ ಕುಟ್ಟುತ್ತಿದ್ದರು.

ಮುಗಿಸಿದೆ. ಏದುಸಿರು ನನ್ನದೋ ಅವರದೋ ತಿಳಿಯಲಿಲ್ಲ.

"ಬಹಳ ತಪ್ಪು ಬಾರಿಸಿದೆ" ಎಂದರು ಅವರು. ಮುಖ ಕೆಂಪಾಗಿತ್ತು. "ಯೇಶ್ಚೊ ರಾಸ್."

ಇನ್ನೊಮ್ಮೆ.

"ಎಂತ ಹೇಳಿದ್ರು?" ಚಿಕ್ಕಮ್ಮ ಕೇಳಿದರು. ಇನ್ನೊಮ್ಮೆಯಂತೆ ಎಂದೆ. ಅಷ್ಟರಲ್ಲಿ ರಾಯಿಸಾ ಪೆತ್ರೋವ್ನಾರ ಫೋನು ಬಡಿದುಕೊಂಡಿತು. ಮಗಳು ಕೆಳಗೆ ಬಂದಿದ್ದಳು. ನಮ್ಮ ಓಣಿಯಲ್ಲಿ ಪಾರ್ಕಿಂಗ್ ಇಲ್ಲ, ಹಿಂದೆ ಹಾರನ್ನುಗಳು, ವಿಮಾನಕ್ಕೆ ಹೊತ್ತಾಯಿತು, ಅಮ್ಮಾ ಬೇಗ ಇಳಿ ಎಂದು ಅವಳು ಕೂಗುವುದು ನಮಗೆಲ್ಲ ಕೇಳಿಸಿತು. ರಾಯಿಸಾ ಪೆತ್ರೋವ್ನಾ ಹಾಸ್ಟೆಲಿನ ಗಂಟಲಿನಲ್ಲಿ, "ಒಂದು ಸುತ್ತು ಹಾಕಿ ಬಾ" ಎಂದು ಫೋನು ಇಟ್ಟರು.

ಬಾರಿಸಿದೆ. ಮಗಳು ಸುತ್ತು ಹಾಕಿ ಬಂದು ಮತ್ತೆ ಹಾರನ್ ಮಾಡಿದಳು. ಚಿಕ್ಕಪ್ಪ ಬಾಲ್ಕನಿಯಿಂದ ಬಗ್ಗಿ, ಇನ್ನೂ ಒಂದು ಸುತ್ತು ಎಂದು ಬೆರಳೆತ್ತಿ ತೋರಿಸಿದರು. ಕಾರು ಎಲೆಕ್ಟ್ರಾ ಸ್ಟ್ರೀಟಿನ ಕಡೆ ಹೊರಳಿತು. ಚಿಕ್ಕಮ್ಮ ಟೀಪಾಯಿಯನ್ನು ಗೋಡೆಗೆ ತಳ್ಳಿ ಸ್ಥಳ ಮಾಡಿದರು, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ ರಾಯಿಸಾ ಪೆತ್ರೋವ್ನಾರ ಎದುರಿಗೆ ಹೋಗಿ ನಿಂತರು.